ವೆಲ್ಶ್ ಭಾಷೆಯಲ್ಲಿ ವ್ಯಂಜನಗಳು ಬದಲಾಗುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಿಂದ ವೇಲ್ಸ್‌ಗೆ ಹೋಗುವಾಗ ಗಡಿಯ ಫಲಕದಲ್ಲಿ ‘ಕ್ರೋಯ್ಸೊ ಈ ಗಮ್ರಿ’ ಎಂದಿರುತ್ತದೆ. ವೇಲ್ಸ್‌ಗೆ ಸ್ವಾಗತ ಎಂದರ್ಥ. ಆದರೆ ನಾಡಿನ ಹೆಸರು ಗಮ್ರಿ ಅಲ್ಲ, ಕಮ್ರಿ. ‘ವೇಲ್ಸ್‌ನಲ್ಲಿ’ ಎನ್ನುವಾಗ ಅದು ‘ಅಙ್ ಙ್ಹಮ್ರಿ’ ಆಗುತ್ತದೆ, ‘ಮತ್ತು ವೇಲ್ಸ್’ ಎನ್ನುವಾಗ ‘ಆ ಖ಼ಮ್ರಿ’. ಒಂದೇ ಹೆಸರಿಗೆ ನಾಲ್ಕು ಬಗೆಯ ಆರಂಭ. ಕಾರ್ಡಿಫ್, ಸ್ವಾನ್ಸಿಗಳಲ್ಲಿ ಓದುವ ಅಥವಾ ಕೆಲಸ ಮಾಡುವ ಕನ್ನಡಿಗರಿಗೂ, ಭಾಷೆಗಳ ಚರಿತ್ರೆಯಲ್ಲಿ ಆಸಕ್ತಿ ಇರುವವರಿಗೂ ಇದರ ಬಗ್ಗೆ ಏಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವಕ್ಕೆ ಉತ್ತರಗಳು ಇಲ್ಲಿವೆ.

ವೆಲ್ಶ್ ಎಂದರೆ ಇಂಗ್ಲಿಷಿನದೇ ಒಂದು ಬಗೆಯೆ?

ಅಲ್ಲ. ಇಂಗ್ಲಿಷ್ ಜರ್ಮನಿಕ್ ಗುಂಪಿನದು, ವೆಲ್ಶ್ ಕೆಲ್ಟಿಕ್ ಗುಂಪಿನದು. ಎರಡೂ ಇಂಡೋ-ಯುರೋಪಿಯನ್ ಎಂಬ ದೊಡ್ಡ ಕುಟುಂಬಕ್ಕೆ ಸೇರುತ್ತವೆ, ಹಾಗೆ ನೋಡಿದರೆ ಸಂಸ್ಕೃತವೂ ಅದಕ್ಕೇ ಸೇರುತ್ತದೆ. ಉಳಿದಿರುವ ಕೆಲ್ಟಿಕ್ ಭಾಷೆಗಳಲ್ಲಿ ಎರಡು ಕವಲುಗಳಿವೆ: ವೆಲ್ಶ್, ಕಾರ್ನಿಶ್, ಬ್ರೆಟನ್ ಒಂದು ಕಡೆ, ಐರಿಶ್, ಸ್ಕಾಟಿಶ್ ಗೇಲಿಕ್, ಮ್ಯಾಂಕ್ಸ್ ಇನ್ನೊಂದು ಕಡೆ. 2021ರ ಜನಗಣತಿಯಲ್ಲಿ ವೇಲ್ಸ್‌ನ ಸುಮಾರು 5,38,000 ಜನ, ಅಂದರೆ ಶೇ 17.8ರಷ್ಟು ಮಂದಿ, ತಮಗೆ ವೆಲ್ಶ್ ಮಾತಾಡಲು ಬರುತ್ತದೆ ಎಂದು ಹೇಳಿದ್ದಾರೆ.

ಇಲ್ಲಿ ಕೊಟ್ಟಿರುವ ವೆಲ್ಶ್ ಪದಗಳನ್ನು ಹೇಗೆ ಓದಬೇಕು?

ವೆಲ್ಶ್ ಬರೆಯುವುದು ರೋಮನ್ ಲಿಪಿಯಲ್ಲಿ. ಇಲ್ಲಿ ಉಚ್ಚಾರಕ್ಕೆ ಹತ್ತಿರವಾಗುವಂತೆ ಕನ್ನಡದಲ್ಲಿ ಬರೆದಿದೆ. ಖ಼ ಎಂದರೆ ಉರ್ದುವಿನ ‘ಖ಼ಬರ್’ನಲ್ಲಿರುವಂತೆ ಗಂಟಲ ಬಳಿ ಉಜ್ಜಿಕೊಂಡು ಬರುವ ಧ್ವನಿ. ಫ಼ ನಮ್ಮ ‘ಫ಼ೋನ್’ನದು. ಥ, ಧ ಎಂದಿರುವಲ್ಲಿ ನಮ್ಮ ಮಹಾಪ್ರಾಣ ಬೇಡ. ನಾಲಗೆಯ ತುದಿಯನ್ನು ಮೇಲಿನ ಹಲ್ಲಿಗೆ ಸೋಕಿಸಿ ಗಾಳಿಯನ್ನು ನುಸುಳಿಸಬೇಕು, ಇಂಗ್ಲಿಷಿನವರು ‘ಥಿಂಕ್’, ‘ದಿಸ್’ ಎನ್ನುವಾಗ ಮಾಡುವಂತೆ. ಲ್ಹ ಎಂದರೆ ಲ ಹೇಳುವ ಜಾಗದಲ್ಲಿ ನಾಲಗೆ ಇಟ್ಟು, ಗಂಟಲು ಕಂಪಿಸದಂತೆ, ಪಕ್ಕದಿಂದ ಬರೀ ಗಾಳಿ ಊದುವುದು. ರ್ಹ ಅದೇ ಬಗೆಯ ಉಸಿರಿನ ರ. ಮ್ಹ, ನ್ಹ, ಙ್ಹಗಳು ಉಸಿರು ಬೆರೆತ ಅನುನಾಸಿಕಗಳು.

ಪದದ ಮೊದಲ ಅಕ್ಷರ ನಿಖರವಾಗಿ ಹೇಗೆ ಬದಲಾಗುತ್ತದೆ?

ಕನ್ನಡ ವರ್ಣಮಾಲೆ ಬಲ್ಲವರಿಗೆ ಇದು ಸಲೀಸು. ಇಂಗ್ಲಿಷ್ ಮಾತ್ರ ಗೊತ್ತಿರುವ ಕಲಿಯುವವರು ಪಟ್ಟಿ ಬರೆದುಕೊಂಡು ಉರು ಹೊಡೆಯುತ್ತಾರೆ. ನಮಗೆ ಆ ಪಟ್ಟಿ ಒಂದನೇ ತರಗತಿಯಲ್ಲೇ ಬಾಯಿಪಾಠವಾಗಿದೆ: ಕ ಖ ಗ ಘ ಙ, ತ ಥ ದ ಧ ನ, ಪ ಫ ಬ ಭ ಮ. ವೆಲ್ಶ್ ವ್ಯಂಜನಗಳು ಓಡಾಡುವುದು ಬಹುಮಟ್ಟಿಗೆ ಈ ಸಾಲುಗಳ ಒಳಗೇ.

ಮೃದು ಬದಲಾವಣೆಯಲ್ಲಿ ವರ್ಗದ ಮೊದಲನೆಯದು ಮೂರನೆಯದಾಗುತ್ತದೆ: ಕ → ಗ, ತ → ದ, ಪ → ಬ. ಪದ ಮೊದಲೇ ಮೂರನೆಯ ವ್ಯಂಜನದಿಂದ ಶುರುವಾಗುತ್ತಿದ್ದರೆ ಅದು ಇನ್ನೂ ಸಡಿಲವಾಗುತ್ತದೆ: ಬ → ವ, ದ → ಧ. ಗ ಮಾತ್ರ ಪೂರ್ತಿ ಮಾಯವಾಗುತ್ತದೆ. ‘ಗಾರ್ಧ್’ ಎಂದರೆ ತೋಟ, ‘ಅರ್ ಆರ್ಧ್’ ಎಂದರೆ ಆ ತೋಟ. ಇವುಗಳ ಜೊತೆಗೆ ಮ → ವ, ಲ್ಹ → ಲ, ರ್ಹ → ರ.

ಅನುನಾಸಿಕ ಬದಲಾವಣೆಯಲ್ಲಿ ವರ್ಗದ ಕೊನೆಯ ಅಕ್ಷರಕ್ಕೆ ಹೋಗುತ್ತದೆ: ಗ → ಙ, ದ → ನ, ಬ → ಮ. ಕ, ತ, ಪಗಳಾದರೆ ಉಸಿರೂ ಸೇರಿ ಙ್ಹ, ನ್ಹ, ಮ್ಹ. ಮೂರನೆಯದು ಘರ್ಷ ಬದಲಾವಣೆ: ಕ → ಖ಼, ತ → ಥ, ಪ → ಫ಼. ಇದು ಈ ಮೂರಕ್ಕಷ್ಟೇ.

ಸಂಸ್ಕೃತ ಸಂಧಿ ಓದಿದವರಿಗೆ ವಾಕ್ + ಈಶ = ವಾಗೀಶ, ವಾಕ್ + ಮಯ = ವಾಙ್ಮಯ ನೆನಪಾಗಬಹುದು. ಕ → ಗ, ಕ → ಙ, ಇಲ್ಲಿಯವೇ ಎರಡು ದಾರಿಗಳು. ವ್ಯತ್ಯಾಸ ಇಷ್ಟೆ: ಸಂಸ್ಕೃತದ ಈ ಸಂಧಿಗಳಲ್ಲಿ ಹಿಂದಿನ ಪದದ ಕೊನೆ ಬದಲಾಗುತ್ತದೆ, ವೆಲ್ಶಿನಲ್ಲಿ ಮುಂದಿನ ಪದದ ಮೊದಲು.

ಇದರಿಂದ ಅರ್ಥ ಬದಲಾಗುತ್ತದೆಯೆ, ಅಥವಾ ಬರೀ ಉಚ್ಚಾರದ ವಿಷಯವೆ?

ಅರ್ಥ ಬದಲಾಗುತ್ತದೆ. ವೆಲ್ಶಿನ ಸೊಗಸೆಲ್ಲ ಇಲ್ಲಿದೆ. ‘ಕಾಥ್’ ಎಂದರೆ ಬೆಕ್ಕು. ಆಡುಮಾತಿನಲ್ಲಿ ‘ಅವನ’, ‘ಅವಳ’, ‘ಅವರ’ ಎಂಬ ಮೂರಕ್ಕೂ ಸಾಮಾನ್ಯವಾಗಿ ‘ಈ’ ಎಂದೇ ಕೇಳಿಸುತ್ತದೆ. ಹಾಗಾದರೆ ಬೆಕ್ಕು ಯಾರದೆಂದು ಗೊತ್ತಾಗುವುದು ಹೇಗೆ? ಬೆಕ್ಕಿನ ಮೊದಲ ವ್ಯಂಜನದಿಂದ:

ಈ ಗಾಥ್: ಅವನ ಬೆಕ್ಕು
ಈ ಖ಼ಾಥ್: ಅವಳ ಬೆಕ್ಕು
ಈ ಕಾಥ್: ಅವರ ಬೆಕ್ಕು
ವ ಙ್ಹಾಥ್: ನನ್ನ ಬೆಕ್ಕು

ಹೆಚ್ಚು ಸ್ಪಷ್ಟವಾಗಲಿ ಎಂದು ಪದದ ನಂತರ ಇನ್ನೊಂದು ಸರ್ವನಾಮ ಸೇರಿಸುವ ರೂಢಿಯೂ ಇದೆ. ಆದರೆ ಕಿವಿ ಮೊದಲು ಹಿಡಿಯುವುದು ಆ ವ್ಯಂಜನವನ್ನು. ಆಡುಮಾತಿನಲ್ಲಿ ‘ನನ್ನ’ ಎಂಬರ್ಥದ ‘ವ’ ಬಿದ್ದೇ ಹೋಗುವುದುಂಟು. ಆಗ ‘ಙ್ಹಾಥ್ ಈ’ ಎಂದಷ್ಟೇ ಕೇಳುತ್ತದೆ. ಇಲ್ಲಿ ಕೊನೆಯ ‘ಈ’ ಎಂದರೆ ನಾನು. ಇದ್ದ ಪದ ಹೋಗಿದೆ, ಅದು ಬಿಟ್ಟುಹೋದ ಗುರುತು ಪಕ್ಕದ ಪದದ ಮೇಲೆ ಉಳಿದಿದೆ.

ಲಿಂಗವೂ ಹೀಗೆಯೇ ಗೊತ್ತಾಗುತ್ತದೆ. ಬೆಕ್ಕು ಸ್ತ್ರೀಲಿಂಗ, ನಾಯಿ (ಕೀ) ಪುಲ್ಲಿಂಗ. ಕಪ್ಪು ಎಂಬುದಕ್ಕೆ ‘ದೀ’. ಕರಿ ನಾಯಿ ‘ಕೀ ದೀ’, ಕರಿ ಬೆಕ್ಕು ‘ಕಾಥ್ ಧೀ’. ಸಂಖ್ಯೆಗಳೂ ತಮ್ಮ ತಮ್ಮ ಹಟ ಸಾಧಿಸುತ್ತವೆ: ಎರಡು ನಾಯಿ ‘ದಾಯ್ ಗೀ’, ಮೂರು ನಾಯಿ ‘ತ್ರೀ ಖ಼ೀ’.

ಊರಿನ ಹೆಸರುಗಳಲ್ಲೂ ಇದನ್ನು ಕಾಣಬಹುದೆ?

ಭೂಪಟ ಬಿಡಿಸಿದರೆ ಸಾಕು. ವೇಲ್ಸ್ ತುಂಬ ‘ಲ್ಹಾನ್’ ಎಂದು ಶುರುವಾಗುವ ಊರುಗಳು. ಲ್ಹಾನ್ ಎಂದರೆ ಸಂತರೊಬ್ಬರ ಚರ್ಚು ಮತ್ತು ಅದರ ಆವರಣ; ಅದರ ಮುಂದೆ ಸಂತರ ಹೆಸರು. ಮಾಯರ್, ಅಂದರೆ ಮೇರಿ, ಸೇರಿದರೆ ಲ್ಹಾನ್‌ವಾಯರ್. ಪೆದರ್, ಅಂದರೆ ಪೀಟರ್, ಸೇರಿದರೆ ಲ್ಹಾನ್‌ಬೆದರ್. ತೈಲೊ ಎಂಬ ಸಂತನ ಊರು ಲ್ಹಾನ್‌ದೈಲೊ, ಕೊಲ್ಹೆನ್ ಎಂಬ ಸಂತನ ಊರು ಲ್ಹಾನ್‌ಗೊಲ್ಹೆನ್. ವೇಲ್ಸ್‌ನ ಪೋಷಕ ಸಂತ ದೆವಿಯ ಹೆಸರಿನವು ಲ್ಹಾನ್‌ಧೆವಿ. ಮ → ವ, ಪ → ಬ, ತ → ದ, ಕ → ಗ, ದ → ಧ: ಮೃದು ಬದಲಾವಣೆಯ ಪಾಠದ ದೊಡ್ಡ ಭಾಗ ಐದು ಊರುಗಳಲ್ಲಿ ಮುಗಿಯಿತು. ಲ್ಹಾನ್ ಸ್ತ್ರೀಲಿಂಗದ ಪದವಾದ್ದರಿಂದ ಮುಂದಿನ ಹೆಸರು ಮೆತ್ತಗಾಗಿದೆ. ಇಂದಿನ ವೆಲ್ಶಿನಲ್ಲಿ ವ್ಯಕ್ತಿಗಳ ಹೆಸರನ್ನು ಬದಲಿಸುವುದಿಲ್ಲ. ಊರುಗಳ ಹೆಸರು ಹಳೆಯ ಕಾಲದವು, ಹಾಗಾಗಿ ಅವು ಹಳೆಯ ನಿಯಮವನ್ನು ಉಳಿಸಿಕೊಂಡಿವೆ.

ಇದೆಲ್ಲ ಶುರುವಾದದ್ದು ಹೇಗೆ?

ಮೊದಲು ಬದಲಾದದ್ದು ಪದದ ಆರಂಭ ಅಂತೇನಿಲ್ಲ. ಎರಡು ಸ್ವರಗಳ ನಡುವೆ ಸಿಕ್ಕಿದ ವ್ಯಂಜನ ಬದಲಾಯಿತು, ಅದು ಎಲ್ಲೇ ಇರಲಿ. ಸ್ವರ ಹೇಳುವಾಗ ಗಂಟಲು ಕಂಪಿಸುತ್ತಿರುತ್ತದೆ, ಬಾಯಿ ತೆರೆದಿರುತ್ತದೆ. ನಡುವೆ ಕ ಬಂದರೆ ಕಂಪನ ನಿಲ್ಲಿಸಿ, ಬಾಯಿಯ ಹಿಂಭಾಗ ಪೂರ್ತಿ ಮುಚ್ಚಿ, ಮತ್ತೆ ತೆರೆದು, ಮತ್ತೆ ಕಂಪಿಸಬೇಕು. ಕಂಪನ ನಿಲ್ಲಿಸದೆ ಮುಂದುವರಿಸಿದರೆ ಕ ಹೋಗಿ ಗ ಆಗುತ್ತದೆ. ಬ ಹೇಳುವಾಗ ತುಟಿಯನ್ನು ಪೂರ್ತಿ ಮುಚ್ಚದಿದ್ದರೆ ಅದು ವಕಾರದತ್ತ ಜಾರುತ್ತದೆ.

ರೋಮನ್ನರು 1ನೇ ಶತಮಾನದಿಂದ 5ನೇ ಶತಮಾನದ ಆರಂಭದವರೆಗೆ ಬ್ರಿಟನ್ನನ್ನು ಆಳಿದರು. ಆಗ ಲ್ಯಾಟಿನ್‌ನಿಂದ ನೂರಾರು ಪದಗಳು ಬಂದವು. ಅವುಗಳ ಹುಟ್ಟಿನ ರೂಪ ನಮಗೆ ಗೊತ್ತಿರುವುದರಿಂದ ಬದಲಾವಣೆಯನ್ನು ಕಣ್ಣಿಗೆ ಕಟ್ಟಿದಂತೆ ತೋರಿಸಬಹುದು. ಲ್ಯಾಟಿನ್ ‘ಮೆದಿಕುಸ್’ (ವೈದ್ಯ) ವೆಲ್ಶಿನಲ್ಲಿ ‘ಮೆಧಿಗ್’. ನಡುವಿನ ದ ಧ ಆಗಿದೆ, ಕ ಗ ಆಗಿದೆ, ಕೊನೆಯ ‘ಉಸ್’ ಬಿದ್ದುಹೋಗಿದೆ. ‘ಪೊಪುಲುಸ್’ (ಜನ) ‘ಪೋಬಲ್’ ಆಯಿತು. ‘ಕತೇನ’ (ಸರಪಳಿ) ‘ಕಾದ್ವಿನ್’, ‘ಲಿಬೆರ್’ (ಪುಸ್ತಕ) ‘ಲ್ಹಿವರ್’.

ಒತ್ತಕ್ಷರಗಳ ದಾರಿ ಬೇರೆ. ಅವು ಗಟ್ಟಿ ಇದ್ದವು, ಗ ದ ಬ ಆಗಲಿಲ್ಲ, ಬದಲಿಗೆ ಉಜ್ಜುವ ಧ್ವನಿಗಳಾದವು. ‘ಪೆಕ್ಕಾತುಮ್’ (ಪಾಪ) ‘ಪೆಖ಼ೊದ್’ ಆದದ್ದನ್ನು ನೋಡಿ: ಕ್ಕ ಖ಼ ಆಗಿದೆ, ಅದರ ಪಕ್ಕದ ಒಂಟಿ ತ ಮಾತ್ರ ದ ಆಗಿದೆ. ‘ಸಿಕ್ಕುಸ್’ (ಒಣ) ‘ಸೀಖ಼್’ ಆಯಿತು. ನಮ್ಮ ಬೆಕ್ಕಿನ ‘ಕಾಥ್’ ಕೂಡ ಲ್ಯಾಟಿನ್ ‘ಕತ್ತುಸ್’ನಿಂದ ಬಂದದ್ದು, ತ್ತ ಥ ಆಗಿದೆ.

ತಡವಾಗಿ ಬಂದ ಪದಗಳಲ್ಲಿ ಇದು ಕಾಣುವುದಿಲ್ಲ. ಮಧ್ಯಯುಗದಲ್ಲಿ ಇಂಗ್ಲಿಷಿನ ಮೂಲಕ ಬಂದ ‘ಪಾಪಿರ್’ (ಕಾಗದ) ನಡುವಿನ ಪಕಾರವನ್ನು ಹಾಗೇ ಇಟ್ಟುಕೊಂಡಿದೆ. ಆ ಬದಲಾವಣೆಯ ಕಾಲ ಅಷ್ಟರಲ್ಲಿ ಮುಗಿದಿತ್ತು.

ಪದದ ಒಳಗೆ ಆದದ್ದು ಪದದ ಮೊದಲಿಗೆ ಬಂದದ್ದು ಹೇಗೆ?

ಮಾತಾಡುವಾಗ ನಾವು ಪದಪದವಾಗಿ ನಿಲ್ಲಿಸುವುದಿಲ್ಲ. ‘ಅವನ ಬೆಕ್ಕು’ ಎಂಬುದು ಒಂದೇ ಉಸಿರಿನಲ್ಲಿ ಬರುತ್ತದೆ. ಹಿಂದಿನ ಪದ ಸ್ವರದಲ್ಲಿ ಮುಗಿದು ಮುಂದಿನದು ಕಕಾರದಿಂದ ಶುರುವಾದರೆ, ಆ ಕ ಕೂಡ ಎರಡು ಸ್ವರಗಳ ನಡುವೆಯೇ ಇದೆ. ಹಾಗಾಗಿ ಅದೂ ಗ ಆಯಿತು.

ಈಗ ‘ಅವನ’ ಮತ್ತು ‘ಅವಳ’ ಎಂಬ ಆ ಎರಡು ‘ಈ’ಗಳಿಗೆ ಬರೋಣ. ಇವುಗಳ ಹಳೆಯ ಕೆಲ್ಟಿಕ್ ರೂಪಗಳನ್ನು ವಿದ್ವಾಂಸರು ‘ಎಸ್ಯೊ’ ಮತ್ತು ‘ಎಸ್ಯಾಸ್’ ಎಂದು ಪುನಾರಚಿಸಿದ್ದಾರೆ. ಇವು ನಮಗೆ ಅಪರಿಚಿತವಲ್ಲ. ಸಂಸ್ಕೃತದಲ್ಲಿ ಅವನ ಎಂಬುದಕ್ಕೆ ‘ಅಸ್ಯ’, ಅವಳ ಎಂಬುದಕ್ಕೆ ‘ಅಸ್ಯಾಃ’. ಅದೇ ಮೂಲ, ಅದೇ ವ್ಯತ್ಯಾಸ. ಸಂಸ್ಕೃತದ ವಿಸರ್ಗವೂ ಹಳೆಯ ಸಕಾರದ ಉಳಿಕೆಯೇ. ಪುಲ್ಲಿಂಗದ ರೂಪ ಸ್ವರದಲ್ಲಿ ಮುಗಿಯಿತು, ಆದ್ದರಿಂದ ಅದರ ಮುಂದಿನ ಕ ಮೆತ್ತಗಾಗಿ ಗ ಆಯಿತು. ಸ್ತ್ರೀಲಿಂಗದ ರೂಪ ಸಕಾರದಲ್ಲಿ ಮುಗಿಯಿತು, ಆ ಸಕಾರ ಮುಂದಿನ ಕಕಾರದೊಡನೆ ಬೆರೆತು ಒತ್ತಕ್ಷರದಂತಾಗಿ ಕೊನೆಗೆ ಖ಼ ಆಯಿತು. ‘ನನ್ನ’ ಎಂಬ ಪದ ನಕಾರದಲ್ಲಿ ಮುಗಿಯುತ್ತಿತ್ತು, ಅದರಿಂದ ಅನುನಾಸಿಕ ಬಂತು.

ಆಮೇಲೆ ಪದಗಳ ಕೊನೆಯ ಭಾಗಗಳು ಸವೆದು ಬಿದ್ದುಹೋದವು. ಎಸ್ಯೊ, ಎಸ್ಯಾಸ್ ಎರಡೂ ಕುಗ್ಗಿ ಒಂದೇ ಆದವು. ಆದರೆ ಗಾಥ್, ಖ಼ಾಥ್ ಒಂದಾಗಲಿಲ್ಲ. ಕಾರಣ ಕಣ್ಮರೆಯಾಯಿತು, ಪರಿಣಾಮ ಉಳಿಯಿತು. ಉಚ್ಚಾರದ ಅನುಕೂಲವಾಗಿದ್ದದ್ದು ವ್ಯಾಕರಣವಾಯಿತು. ಸಾವಿರದೈನೂರು ವರ್ಷದ ಹಿಂದೆ ಬಿದ್ದುಹೋದ ಒಂದು ಸಕಾರ ಇವತ್ತೂ ಕಾರ್ಡಿಫ್‌ನ ಅಂಗಡಿಯಲ್ಲಿ ಅವನ, ಅವಳ ಎಂಬ ಭೇದ ತೋರಿಸುತ್ತಿದೆ ಎಂಬುದು ನನಗೆ ಭಾಷಾಚರಿತ್ರೆಯಲ್ಲೇ ಅತ್ಯಂತ ಬೆರಗಿನ ಸಂಗತಿಗಳಲ್ಲೊಂದು.

ಐರಿಶ್ ಇದಕ್ಕೆ ಪಕ್ಕಾ ಸಾಕ್ಷಿ ಹೇಳುತ್ತದೆ. ಅಲ್ಲೂ ‘ಅವನ’, ‘ಅವಳ’, ‘ಅವರ’ ಎಂಬ ಮೂರು ಸರ್ವನಾಮಗಳು ‘ಅ’ ಎಂಬ ಒಂದೇ ರೂಪಕ್ಕೆ ಬಂದಿವೆ. ಅವನ ಬೆಕ್ಕು ‘ಅ ಖ಼ಾತ್’, ಅವಳದು ‘ಅ ಕಾತ್’, ಅವರದು ‘ಅ ಗಾತ್’. ಫಲಿತಾಂಶ ವೆಲ್ಶಿನಿಂದ ಬೇರೆ, ಆದರೆ ಸ್ವರದ ನಂತರ ಒಂದು ಬಗೆ, ಸಕಾರದ ನಂತರ ಇನ್ನೊಂದು, ಅನುನಾಸಿಕದ ನಂತರ ಮತ್ತೊಂದು ಎಂಬ ಹಿಂದಿನ ಚೌಕಟ್ಟು ಅದೇ.

ನಮ್ಮ ಆದೇಶ ಸಂಧಿಯೂ ಇದೇ ಅಲ್ಲವೆ?

ಒಳ್ಳೆಯ ಪ್ರಶ್ನೆ. ಎರಡು ಭಾಷೆಗಳಿಗೂ ನೆಂಟಸ್ತನ ಇಲ್ಲ, ಕನ್ನಡ ದ್ರಾವಿಡ ಭಾಷೆ. ಆದರೆ ಬಾಯಿಯ ಒಳಗೆ ನಡೆಯುವ ಕೆಲಸ ಒಂದೇ. ಮಳೆ + ಕಾಲ = ಮಳೆಗಾಲ, ಬೆಟ್ಟ + ತಾವರೆ = ಬೆಟ್ಟದಾವರೆ, ಕಣ್ + ಪನಿ = ಕಂಬನಿ. ಕ ತ ಪಗಳಿಗೆ ಗ ದ ಬಗಳು ಆದೇಶವಾಗಿ ಬರುವುದನ್ನು 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವಾಗಿ ಹೇಳಿದ್ದಾನೆ. ಹಳಗನ್ನಡದಲ್ಲಿ ಇನ್ನೂ ಮುಂದಕ್ಕೆ ಹೋಗುತ್ತದೆ: ನೀರ್ + ಪನಿ = ನೀರ್ವನಿ, ಮೆಲ್ + ಮಾತು = ಮೆಲ್ವಾತು. ಮಾತು ವಾತಾದದ್ದು, ಮಾಯರ್ ವಾಯರ್ ಆದದ್ದು, ಎರಡೂ ಮ → ವ.

ಬೇರೆಯಾಗುವುದು ಎರಡು ಕಡೆ. ನಮ್ಮದು ಸಮಾಸದ ಒಳಗೆ ನಡೆಯುತ್ತದೆ. ‘ಆ ಕಾಲ’ ಎನ್ನುವಾಗ ಯಾರೂ ‘ಆ ಗಾಲ’ ಎನ್ನುವುದಿಲ್ಲ. ಸಮಾಸದಲ್ಲೂ ‘ಮನೆಕೆಲಸ’ದಂಥವು ಬದಲಾಗದೆ ಉಳಿದಿವೆ. ಎರಡನೆಯದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಮಳೆಯ ಎಕಾರ ನಮ್ಮ ಕಣ್ಣೆದುರಿಗೇ ಇದೆ, ಗಕಾರ ಏಕೆ ಬಂತೆಂದು ತೋರಿಸಬಹುದು. ವೆಲ್ಶಿನಲ್ಲಿ ಆ ಸ್ವರ ಹೋಗಿಬಿಟ್ಟಿದೆ. ಕನ್ನಡದ ಎಲ್ಲ ಪದಗಳ ಕೊನೆಯ ಸ್ವರ ನಾಳೆ ಬಿದ್ದುಹೋಯಿತು ಎಂದುಕೊಳ್ಳಿ: ಮಳ್ ಗಾಲ್, ಬೆಟ್ ದಾವರ್. ಆಗ ಹುಟ್ಟಿದ ಮಕ್ಕಳಿಗೆ ‘ಕಾಲ್’ ಎಂಬುದು ಕೆಲವು ಪದಗಳ ಮುಂದೆ ‘ಗಾಲ್’ ಆಗುತ್ತದೆ ಎಂಬುದು ಮಾತ್ರ ಗೊತ್ತಿರುತ್ತದೆ, ಏಕೆಂದು ಗೊತ್ತಿರುವುದಿಲ್ಲ. ವೆಲ್ಶ್ ಇರುವುದು ಆ ಸ್ಥಿತಿಯಲ್ಲಿ.

ನಮ್ಮ ನೆರೆಹೊರೆಯಲ್ಲೂ ಇದೇ ಜಾಡು ಕಾಣುತ್ತದೆ. ಸಂಸ್ಕೃತದಲ್ಲಿ ಸ್ವರಗಳ ನಡುವೆ ಇದ್ದ ತಕಾರ ಶೌರಸೇನಿ ಪ್ರಾಕೃತದಲ್ಲಿ ದಕಾರವಾಯಿತು, ಮಹಾರಾಷ್ಟ್ರಿ ಪ್ರಾಕೃತದಲ್ಲಿ ಪೂರ್ತಿ ಬಿದ್ದುಹೋಯಿತು.

ಯಾವ ಕಾಲದಲ್ಲಿ ಆಯಿತೆಂದು ಹೇಗೆ ಗೊತ್ತು? ಹಳೆಯ ಬರಹಗಳಲ್ಲಿ ಕಾಣುತ್ತದೆಯೆ?

ಬರಹ ತಡವಾಗಿ ಬದಲಾಗುತ್ತದೆ, ಅದೇ ತೊಡಕು. ಆಂಗ್ಲ್‌ಸೀ ದ್ವೀಪದ ಲ್ಹಾನ್‌ಗದ್ವಲಾದರ್ ಎಂಬ ಊರಿನ ಚರ್ಚಿನಲ್ಲಿ 7ನೇ ಶತಮಾನದ ಒಂದು ಕಲ್ಲಿದೆ. ‘ಕತಮಾನುಸ್, ಎಲ್ಲ ರಾಜರಲ್ಲಿ ಅತ್ಯಂತ ವಿವೇಕಿ, ಅತ್ಯಂತ ಕೀರ್ತಿವಂತ’ ಎಂದು ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ಈ ರಾಜನನ್ನು ವೆಲ್ಶರು ಕರೆಯುವುದು ‘ಕಾದ್ವಾನ್’ ಎಂದು. ತ → ದ, ಮ → ವ. ಕಲ್ಲು ಕೆತ್ತಿದವನ ಬಾಯಲ್ಲಿ ಹೆಸರು ಆಗಲೇ ಬದಲಾಗಿತ್ತು, ಕೈ ಮಾತ್ರ ಹಳೆಯ ಕಾಗುಣಿತವನ್ನೇ ಬರೆಯಿತು ಎಂಬುದು ವಿದ್ವಾಂಸರ ತೀರ್ಮಾನ. ತಮಿಳರು ಕಕಾರ ಬರೆದು ಪದದ ನಡುವೆ ಗ ಎಂದು ಓದುವಂತೆ, ಹಳೆಯ ವೆಲ್ಶ್ ಲಿಪಿಕಾರರೂ ತ ಬರೆದು ದ ಓದುತ್ತಿದ್ದರು. ಊರಿನ ಹೆಸರಿನಲ್ಲಿರುವುದು ಈ ರಾಜನ ಮೊಮ್ಮಗ ಕದ್ವಲಾದರ್. ಲ್ಹಾನ್ ಮುಂದೆ ಅವನ ಕಕಾರವೂ ಗಕಾರವಾಗಿದೆ.

ಹೀಗಾಗಿ ಕಾಲ ನಿರ್ಣಯಕ್ಕೆ ಬರಹಕ್ಕಿಂತ ಎರವಲು ಪದಗಳು, ಸ್ಥಳನಾಮಗಳು ಹೆಚ್ಚು ನೆರವಾಗುತ್ತವೆ. ಕೆನೆತ್ ಜಾಕ್ಸನ್ ಎಂಬ ವಿದ್ವಾಂಸರು 1953ರಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿ, ಈ ಮೆತ್ತಗಾಗುವಿಕೆ 5ನೇ ಶತಮಾನದ ಉತ್ತರಾರ್ಧದ್ದು ಎಂದು ವಾದಿಸಿದರು. ಆ ದಿನಾಂಕವನ್ನು ಹಿಂದೆ ಮುಂದೆ ಸರಿಸುವ ಚರ್ಚೆ ನಡೆದೇ ಇದೆ.

ಸ್ಥಳನಾಮದ ಬಲಕ್ಕೆ ಒಂದು ನದಿಯನ್ನು ನೋಡಿ. ರೋಮನ್ನರು ಅದನ್ನು ‘ಸಬ್ರಿನ’ ಎಂದು ಬರೆದರು. ವೆಲ್ಶಿನಲ್ಲಿ ಅದು ‘ಹಾವ್ರೆನ್’, ಇಂಗ್ಲಿಷಿನಲ್ಲಿ ‘ಸೆವರ್ನ್’. ವೆಲ್ಶ್ ಹೆಸರಿನಲ್ಲಿ ಸ → ಹ, ಬ → ವ ಎರಡೂ ಆಗಿವೆ. ಇಂಗ್ಲಿಷ್ ಹೆಸರಿನಲ್ಲಿ ವ ಇದೆ, ಆದರೆ ಸ ಹಾಗೇ ಇದೆ. ಇಂಗ್ಲಿಷರು ಈ ಹೆಸರನ್ನು ಕಿವಿಗೆ ಹಾಕಿಕೊಂಡಾಗ ಬಕಾರ ಆಗಲೇ ವಕಾರವಾಗಿತ್ತು, ಸಕಾರ ಇನ್ನೂ ಹಕಾರವಾಗಿರಲಿಲ್ಲ. ಯಾವುದು ಮೊದಲು, ಯಾವುದು ನಂತರ ಎಂಬುದಕ್ಕೆ ಒಂದು ನದಿಯ ಮೂರು ಹೆಸರು ಸಾಕ್ಷಿ.

ಸಕಾರ ಹಕಾರವಾಗುವುದು ನಮ್ಮ ಕಡೆಯೂ ಇದೆಯಲ್ಲ?

ಇದೆ. ‘ಸಿಂಧು’ ಪರ್ಷಿಯನ್ನರ ಬಾಯಲ್ಲಿ ‘ಹಿಂದು’ ಆದದ್ದು ಇದೇ ಬದಲಾವಣೆಯಿಂದ. ಸಂಸ್ಕೃತದ ‘ಸನ’ (ಹಳೆಯ) ವೆಲ್ಶಿನಲ್ಲಿ ‘ಹೇನ್’. ಲ್ಯಾಟಿನ್‌ನಲ್ಲಿ ಉಪ್ಪಿಗೆ ‘ಸಾಲ್’, ವೆಲ್ಶಿನಲ್ಲಿ ‘ಹಾಲೆನ್’. ಸೂರ್ಯನಿಗೆ ಲ್ಯಾಟಿನ್‌ನಲ್ಲಿ ‘ಸೋಲ್’, ವೆಲ್ಶಿನಲ್ಲಿ ‘ಹಾಯ್ಲ್’. ಏಳು ಎಂಬ ‘ಸಾಯ್ಥ್’ ಮಾತ್ರ ಸಕಾರ ಬಿಡದೆ ಹಟ ಹಿಡಿದಿದೆ.

ಐರಿಶ್ ಮತ್ತು ವೆಲ್ಶ್ ಅಕ್ಕತಂಗಿಯರಾದರೆ ಪದಗಳು ಅಷ್ಟು ಬೇರೆ ಏಕೆ?

ಒಂದು ಹಳೆಯ ಧ್ವನಿ ಎರಡು ಕಡೆ ಎರಡು ದಾರಿ ಹಿಡಿಯಿತು. ಮೂಲದಲ್ಲಿ ‘ಕ್ವ’ ಎಂಬ ಧ್ವನಿ ಇತ್ತು, ಹಿಂದೆ ಕ, ಜೊತೆಗೆ ತುಟಿಯ ದುಂಡು. ಐರಿಶ್ ಕೊನೆಗೆ ಕಕಾರವನ್ನು ಉಳಿಸಿಕೊಂಡಿತು, ವೆಲ್ಶ್ ತುಟಿಯನ್ನು ಹಿಡಿದುಕೊಂಡು ಅದನ್ನು ಪ ಮಾಡಿತು. ತಲೆಗೆ ಐರಿಶಿನಲ್ಲಿ ಕಕಾರದ ‘ಕ್ಯಾನ್’, ವೆಲ್ಶಿನಲ್ಲಿ ‘ಪೆನ್’. ಮಗನಿಗೆ ಐರಿಶಿನಲ್ಲಿ ‘ಮಾಕ್’, ವೆಲ್ಶಿನಲ್ಲಿ ಹಿಂದೆ ‘ಮಾಪ್’, ಈಗ ‘ಮಾಬ್’. ಎಡ್ವರ್ಡ್ ಲ್ಹುಯಿಡ್ ಎಂಬ ವೆಲ್ಶ್ ವಿದ್ವಾಂಸ ಈ ಭಾಷೆಗಳ ನೆಂಟಸ್ತನವನ್ನು ಪದಗಳನ್ನು ಹೋಲಿಸಿ ತೋರಿಸಿದ್ದು 1707ರಲ್ಲಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ 1786ರಲ್ಲಿ ಮಾಡಿದ ಭಾಷಣಕ್ಕಿಂತ ಎಷ್ಟೋ ಮೊದಲು!

ನೈಋತ್ಯ ವೇಲ್ಸ್‌ನಲ್ಲಿ ಸಿಕ್ಕ ಒಂದು ಸ್ಮಾರಕ ಶಿಲೆಯಲ್ಲಿ ಈ ಕವಲು ಅಕ್ಕಪಕ್ಕದಲ್ಲೇ ಕಾಣುತ್ತದೆ. ಐರ್ಲೆಂಡಿನಿಂದ ಬಂದು ನೆಲೆಸಿದವರು ಅಲ್ಲಿದ್ದರು, ಹಾಗಾಗಿ ಕಲ್ಲಿನ ಬರಹ ಎರಡು ಬಗೆಯದು. ರೋಮನ್ ಲಿಪಿಯಲ್ಲಿ ‘ವೊತೆಪೊರಿಗಿಸ್’, ಅಂಚಿನಲ್ಲಿ ಗೀರುಗಳಿಂದ ಬರೆಯುವ ಓಗಮ್ ಲಿಪಿಯಲ್ಲಿ ‘ವೊತೆಕೊರಿಗಾಸ್’. ಒಬ್ಬನೇ ವ್ಯಕ್ತಿ, ಒಂದೇ ಕಲ್ಲು. ಒಂದು ಕಡೆ ಪ, ಒಂದು ಕಡೆ ಕ.

ವೆಲ್ಶ್ ಪಕಾರವನ್ನು ಕಳೆದುಕೊಂಡ ಭಾಷೆ ಎಂದು ಓದಿದ್ದೆ. ಮತ್ತೆ ಪ ಇದ್ದೇ ಇದೆಯಲ್ಲ?

ಈಗಿರುವ ಪ ಹೊಸದು: ಕ್ವದಿಂದ ಬಂದದ್ದು, ಇಲ್ಲವೆ ಎರವಲು. ಮೂಲ ಇಂಡೋ-ಯುರೋಪಿಯನ್ ಪಕಾರ ಅದಕ್ಕೂ ಮೊದಲೇ ಕೆಲ್ಟಿಕ್ ಭಾಷೆಗಳಲ್ಲಿ ಪದದ ಆರಂಭದಲ್ಲೂ ಸ್ವರಗಳ ನಡುವೆಯೂ ಕಳೆದುಹೋಗಿತ್ತು. ಸಂಸ್ಕೃತ ‘ಪೂರ್ಣ’, ಲ್ಯಾಟಿನ್ ‘ಪ್ಲೇನುಸ್’, ಐರಿಶ್ ‘ಲಾನ್’, ವೆಲ್ಶ್ ‘ಲ್ಹಾವ್ನ್’ (ಊರಿನ ಹೆಸರಿನ ಲ್ಹಾನ್ ಬೇರೆ). ಲ್ಯಾಟಿನ್ ‘ಪತೆರ್’ (ತಂದೆ) ಐರಿಶಿನಲ್ಲಿ ‘ಅಹಿರ್’.

ಇದು ನಡೆದ ದಾರಿಯನ್ನು ಕನ್ನಡಿಗರು ಮನೆಯಲ್ಲೇ ನೋಡಬಹುದು. 10ನೇ ಶತಮಾನದ ಪಂಪನ ಭಾಷೆಯಲ್ಲಿ ಪಾಲ್, ಪೂ, ಪುಲಿ, ಪತ್ತು. ನಡುಗನ್ನಡಕ್ಕೆ ಬರುವ ಹೊತ್ತಿಗೆ ಹಾಲು, ಹೂ, ಹುಲಿ, ಹತ್ತು. ತಮಿಳು, ತೆಲುಗು ಪಕಾರ ಬಿಡಲಿಲ್ಲ. ಮೈಸೂರು ಮಂಡ್ಯ ಕಡೆಯ ಹಳ್ಳಿಗಳಲ್ಲಿ ಆ ಹಕಾರವೂ ಹೋಗಿ ‘ಆಲು’, ‘ಊವು’, ‘ಉಲಿ’. ಪ → ಹ → ಶೂನ್ಯ. ಕೆಲ್ಟಿಕ್ ಪಕಾರವೂ ತುಟಿಯಂಚಿನ ಫ಼ಕಾರ, ಹಕಾರದಂಥ ಮೆಟ್ಟಿಲುಗಳನ್ನು ಇಳಿದೇ ಇಲ್ಲವಾಯಿತು ಎಂದು ತಿಳಿಯಲಾಗಿದೆ. ಕನ್ನಡದಲ್ಲಿ ಒತ್ತಕ್ಷರ ಉಳಿಯಿತು: ಕಪ್ಪೆ, ತಪ್ಪು ಇಂದಿಗೂ ಹಾಗೇ ಇವೆ. ಮೊದಲೇ ಬಂದು ಬಳಕೆಯಲ್ಲಿ ಬೆರೆತ ‘ಪರ್ವ’ ಹಬ್ಬವಾಯಿತು, ‘ಪಕ್ಷಿ’ ಹಕ್ಕಿಯಾಯಿತು. ಈಚೆಗೆ ಬಂದ ‘ಪೇಪರ್’, ‘ಪೊಲೀಸ್’ ಬದಲಾಗಲಿಲ್ಲ. ವೆಲ್ಶಿನ ‘ಪೋಬಲ್’ ಮತ್ತು ‘ಪಾಪಿರ್’ ನಡುವಿನ ವ್ಯತ್ಯಾಸವೂ ಇದೇ.

ವ್ಯಂಜನಗಳು ಯಾವಾಗಲೂ ಮೆತ್ತಗೇ ಆಗುತ್ತವೆಯೆ?

ಇಲ್ಲ. ಪದದ ಆರಂಭದಲ್ಲಿ ಗಟ್ಟಿಯಾಗುವುದೂ ಉಂಟು. ಲ್ಯಾಟಿನ್ ‘ವೀನುಮ್’ (ದ್ರಾಕ್ಷಾರಸ) ವೆಲ್ಶಿನಲ್ಲಿ ‘ಗ್ವೀನ್’ ಆಯಿತು, ಎಲ್ಲೂ ಇಲ್ಲದ ಗಕಾರ ಮುಂದೆ ಬಂದು ನಿಂತಿತು. ಕನ್ನಡದಲ್ಲಿ ತಮಿಳಿನ ‘ವೇರ್’ಗೆ ಎದುರಾಗಿ ‘ಬೇರು’, ‘ವಾ’ಗೆ ಎದುರಾಗಿ ‘ಬಾ’, ಸಂಸ್ಕೃತದ ‘ವನ’ಕ್ಕೆ ‘ಬನ’.

ಇದು ನಾಲಗೆಯ ಸೋಮಾರಿತನ, ಭಾಷೆ ಕೆಡುವುದರ ಲಕ್ಷಣ ಅಲ್ಲವೆ?

ಖಂಡಿತ ಅಲ್ಲ. ಈ ಮಾತನ್ನು ಒಪ್ಪಿಕೊಂಡು ಸುಮ್ಮನಿರಲು ನನಗೆ ಆಗುವುದಿಲ್ಲ. ಸೋಮಾರಿತನವಾಗಿದ್ದರೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ, ಒಂದೊಂದು ಪದದಲ್ಲಿ ತಪ್ಪುತ್ತಿದ್ದರು. ಇಲ್ಲಿ ಒಂದು ಇಡೀ ಸಮುದಾಯ, ಒಂದೇ ಸನ್ನಿವೇಶದಲ್ಲಿ, ಪದದಿಂದ ಪದಕ್ಕೆ ಒಂದೇ ದಿಕ್ಕಿನಲ್ಲಿ ಸಾಗಿದೆ. 19ನೇ ಶತಮಾನದ ಜರ್ಮನ್ ಭಾಷಾವಿಜ್ಞಾನಿಗಳು ಇದನ್ನು ಧ್ವನಿನಿಯಮ ಎಂದೇ ಕರೆದರು. ಆ ಕ್ರಮಬದ್ಧತೆ ಇರುವುದರಿಂದಲೇ ‘ಮೆಧಿಗ್’ ನೋಡಿ ‘ಮೆದಿಕುಸ್’ಗೆ ಹಿಂತಿರುಗಲು ಸಾಧ್ಯ.

‘ಆಲು’ ಎಂದ ಹುಡುಗನನ್ನು ತರಗತಿಯಲ್ಲಿ ನಿಲ್ಲಿಸಿ ನಗುವವರು ತಾವು ‘ಹಾಲು’ ಎನ್ನುತ್ತಾರೆ. ಪಂಪನ ಕಾಲದವರ ಕಿವಿಗೆ ಅದೂ ಪಕಾರ ನುಂಗಿದ ಮಾತೇ. ಬರಹದ ಕನ್ನಡ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಮನೆಮಾತನ್ನು ಹೀಯಾಳಿಸಬೇಕಿಲ್ಲ.

ಹೊಸ ಪದ ಕಂಡರೆ ನಿಘಂಟಿನಲ್ಲಿ ಹುಡುಕುವುದು ಹೇಗೆ?

ಬದಲಾದ ರೂಪದಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಮೂಲ ವ್ಯಂಜನಕ್ಕೆ ಹಿಂತಿರುಗಿ. ಙ್ಹ ಕಂಡರೆ ಕ, ಮ್ಹ ಕಂಡರೆ ಪ, ನ್ಹ ಕಂಡರೆ ತ. ಇವು ಅನುಮಾನಕ್ಕೆ ಎಡೆಯಿಲ್ಲದವು. ವ ಕಂಡರೆ ಬ ಮತ್ತು ಮ ಎರಡನ್ನೂ ನೋಡಬೇಕು. ಸ್ವರದಿಂದ ಶುರುವಾಗುವ ಪದ ಸಿಗದಿದ್ದರೆ ಅದರ ಮೊದಲಿಗೆ ಗ ಸೇರಿಸಿ ನೋಡಿ, ಅಲ್ಲಿ ಅಡಗಿರಬಹುದು. ಬ್ಯಾಂಗೋರ್ ವಿಶ್ವವಿದ್ಯಾಲಯದವರ ‘ಕಸಿಲ್ಹ್’ ಎಂಬ ತಂತ್ರಾಂಶ ಬರೆದ ವಾಕ್ಯದಲ್ಲಿ ಬದಲಾವಣೆ ತಪ್ಪಿದ್ದರೆ ತೋರಿಸುತ್ತದೆ, ಕಲಿಯುವವರಿಗೆ ತುಂಬ ಉಪಯುಕ್ತ.

ಮಾತಾಡುವಾಗ ಇದನ್ನು ತಪ್ಪಿದರೆ ಅವರಿಗೆ ಅರ್ಥವಾಗುತ್ತದೆಯೆ?

ಬಹುಪಾಲು ಆಗುತ್ತದೆ. ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡು ಕೂರಬೇಡಿ. ಹುಟ್ಟಿನಿಂದ ವೆಲ್ಶ್ ಆಡುವವರೂ ಎಲ್ಲ ಕಡೆ ಪುಸ್ತಕದಂತೆ ಆಡುವುದಿಲ್ಲ. ಮೃದು ಬದಲಾವಣೆ ಗಟ್ಟಿಯಾಗಿ ಬೇರೂರಿದೆ. ಇಂಗ್ಲಿಷಿನಿಂದ ಬಂದ ‘ಕಾಫಿ’ ಕೂಡ ‘ನಿನ್ನ ಕಾಫಿ’ ಎನ್ನುವಾಗ ‘ದ ಗೊಫ಼ಿ’ ಆಗುತ್ತದೆ. ಘರ್ಷ ಬದಲಾವಣೆ ಆಡುಮಾತಿನಲ್ಲಿ ಹಿಂದೆ ಸರಿಯುತ್ತಿದೆ. ‘ಚಹಾ ಮತ್ತು ಕಾಫಿ’ ಎನ್ನಲು ‘ತೇ ಆ ಖ಼ೊಫ಼ಿ’ ಎಂಬುದು ಬರಹದ ರೂಪ. ‘ತೇ ಆ ಕೊಫ಼ಿ’ ಎನ್ನುವವರು ಬಹಳ. ಕಕಾರದಲ್ಲಾದರೂ ಅದು ಸಾಕಷ್ಟು ಕೇಳಿಸುತ್ತದೆ, ತ ಮತ್ತು ಪಗಳಲ್ಲಿ ಇನ್ನೂ ಕಡಿಮೆ. ಮೊದಲು ಮೃದು ಬದಲಾವಣೆಯನ್ನು ರೂಢಿಸಿಕೊಳ್ಳಿ. ಆಮೇಲೆ ‘ನನ್ನ’ ಮತ್ತು ‘-ಅಲ್ಲಿ’ ಎಂಬರ್ಥದ ಪದಗಳ ಮುಂದಿನ ಅನುನಾಸಿಕ: ‘ಬ್ಯಾಂಗೋರ್‌ನಲ್ಲಿ’ (ವೆಲ್ಶಿನಲ್ಲಿ ಬಂಗೋರ್) ಎನ್ನಲು ‘ಅಮ್ ಮಂಗೋರ್’, ಕಾರ್ಡಿಫ್‌ನ ವೆಲ್ಶ್ ಹೆಸರು ಕಾಯರ್‌ದೀಧ್, ‘ಕಾರ್ಡಿಫ್‌ನಲ್ಲಿ’ ಎನ್ನಲು ‘ಅಙ್ ಙ್ಹಾಯರ್‌ದೀಧ್’. ಘರ್ಷ ಬದಲಾವಣೆಯನ್ನು ಕೊನೆಗೆ ಇಟ್ಟುಕೊಂಡರೆ ಸಾಕು.